ರೋಟರಿ ಎಂಜಿನ್ ಕಾರಿನ ಇಗ್ನಿಷನ್ ಅಪ್‌ಗ್ರೇಡ್: ಪದೇ ಪದೇ ಕೇಳುವ ಪ್ರಶ್ನೆಗಳು

ರೋಟರಿ ಎಂದರೆ ಪಿಸ್ಟನ್ ಬದಲು ಮೂರು ಮುಖದ ರೋಟರ್, ಹೌಸಿಂಗ್ ಎಂಬ ಕವಚದೊಳಗೆ ಸುತ್ತುವ ಎಂಜಿನ್; ಇಗ್ನಿಷನ್ ಎಂದರೆ ಅದರಲ್ಲಿ ಕಿಡಿ ಹಚ್ಚುವ ವ್ಯವಸ್ಥೆ. ಇಲ್ಲಿರುವುದು ಹೆಚ್ಚಾಗಿ ಮಜ್ದಾ ಆರ್‌ಎಕ್ಸ್-8 ಬಗ್ಗೆ. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ, ದುಬೈ ಕಡೆ ಇರುವ ನಮ್ಮವರು ಸೆಕೆಂಡ್ ಹ್ಯಾಂಡ್‌ನಲ್ಲಿ ಕೈಗೆಟಕುವ ಬೆಲೆಗೆ ಸಿಕ್ಕಿತು ಎಂದು ಕೊಳ್ಳುವ ರೋಟರಿ ಕಾರು ಸಾಮಾನ್ಯವಾಗಿ ಇದೇ. ಆರ್‌ಎಕ್ಸ್-7 ಇಟ್ಟುಕೊಂಡವರಿಗೂ ಮುಂದೆ ಒಂದಷ್ಟು ಉತ್ತರಗಳಿವೆ.

ಹೊಸ ಇಗ್ನಿಷನ್ ಕಿಟ್ ಹಾಕಿದರೆ ಎಷ್ಟು ಪವರ್ ಜಾಸ್ತಿ ಆಗುತ್ತದೆ?

ನಿಮ್ಮ ಕಾಯಿಲ್ (ಬ್ಯಾಟರಿಯ ವೋಲ್ಟೇಜನ್ನು ಕಿಡಿ ಹಾರುವಷ್ಟು ಏರಿಸಿ ಪ್ಲಗ್‌ಗೆ ಕೊಡುವ ಭಾಗ), ಪ್ಲಗ್, ವೈರ್ ಎಲ್ಲ ಚೆನ್ನಾಗಿದ್ದರೆ ಹೇಳಿಕೊಳ್ಳುವಂಥದ್ದೇನೂ ಆಗುವುದಿಲ್ಲ. ಕಿಡಿ ಹತ್ತಿತು ಎಂದರೆ ಹತ್ತಿತು. ಅದಕ್ಕಿಂತ ದಪ್ಪ ಕಿಡಿ ಕೊಟ್ಟರೆ ಪೆಟ್ರೋಲ್ ಹೆಚ್ಚು ಶಕ್ತಿ ಕೊಡುವುದಿಲ್ಲ.

ಹಾಗಾದರೆ ಹಾಕಿಸಿದವರೆಲ್ಲ "ಕಾರು ಬೇರೆಯೇ ಆಯ್ತು" ಅನ್ನುವುದು ಯಾಕೆ? ಅವರ ಹಳೆಯ ಕಾಯಿಲ್‌ಗಳು ಆಗಲೇ ಸೋತಿದ್ದವು. ನಿಧಾನವಾಗಿ ಸೋತದ್ದರಿಂದ ಗೊತ್ತಾಗಿರಲಿಲ್ಲ. ಹೊಸದು ಹಾಕಿದಾಗ ಕಳೆದುಹೋದದ್ದು ವಾಪಸ್ ಬಂತು, ಅಷ್ಟೇ. ರೋಟರಿಯಲ್ಲಿ ಇಗ್ನಿಷನ್‌ಗೆ ದುಡ್ಡು ಹಾಕುವುದು ಒಂದು ಕಿಡಿಯೂ ತಪ್ಪಬಾರದು ಅನ್ನುವುದಕ್ಕೆ. ಪವರ್ ಅಳೆಯುವ ಯಂತ್ರವಾದ ಡೈನೊದ ಮೇಲೆ ದೊಡ್ಡ ಅಂಕಿ ನೋಡಬೇಕೆಂಬ ಆಸೆ ಇದ್ದರೆ ಈ ಖರ್ಚು ನಿಮಗೆ ಬೇಸರ ತರಿಸುತ್ತದೆ.

ಒಂದು ರೋಟರ್‌ಗೆ ಎರಡು ಪ್ಲಗ್ ಯಾಕೆ?

ಪಿಸ್ಟನ್ ಎಂಜಿನ್‌ನಲ್ಲಿ ಉರಿ ಹತ್ತುವ ಜಾಗ ಗುಂಡಗೆ, ಚಿಕ್ಕದಾಗಿ ಇರುತ್ತದೆ. ರೋಟರಿಯಲ್ಲಿ ಅದು ಉದ್ದ, ತೆಳುವು. ಮೇಲಾಗಿ ಅದು ನಿಂತಲ್ಲಿ ನಿಲ್ಲುವುದೂ ಇಲ್ಲ, ರೋಟರ್ ಜೊತೆ ಸರಿಯುತ್ತಲೇ ಇರುತ್ತದೆ. ಒಂದೇ ಕಡೆ ಹಚ್ಚಿದರೆ ಬೆಂಕಿ ಆಚೆ ತುದಿ ಮುಟ್ಟುವಷ್ಟರಲ್ಲಿ ಹೊತ್ತು ಮೀರುತ್ತದೆ.

ಅದಕ್ಕೇ ಎರಡು. ಆರ್‌ಎಕ್ಸ್-8ರಲ್ಲಿ ರೋಟರ್ ಎರಡು, ಹಾಗಾಗಿ ಪ್ಲಗ್ ನಾಲ್ಕು, ಪ್ಲಗ್‌ಗೊಂದರಂತೆ ಕಾಯಿಲ್ ಕೂಡ ನಾಲ್ಕು. ಕೆಳಗಿನದು ಲೀಡಿಂಗ್ ಪ್ಲಗ್, ಮೇಲಿನದು ಟ್ರೇಲಿಂಗ್. ದುಡಿಮೆ ಹೆಚ್ಚಾಗಿ ಲೀಡಿಂಗ್‌ದೇ. ಟ್ರೇಲಿಂಗ್ ಸಾಮಾನ್ಯವಾಗಿ ಸ್ವಲ್ಪ ತಡವಾಗಿ ಕಿಡಿ ಕೊಟ್ಟು ಹಿಂದೆ ಉಳಿದ ಮಿಶ್ರಣವನ್ನು ಉರಿಸುತ್ತದೆ. ಇವೆರಡರ ನಡುವಿನ ಅಂತರಕ್ಕೆ ಸ್ಪ್ಲಿಟ್ ಎನ್ನುತ್ತಾರೆ. 1991ರಲ್ಲಿ ಲ ಮಾನ್ಸ್ 24 ಗಂಟೆ ರೇಸ್ ಗೆದ್ದ ಮಜ್ದಾ 787ಬಿಯ ಆರ್26ಬಿ ಎಂಜಿನ್‌ನಲ್ಲಂತೂ ಒಂದೊಂದು ರೋಟರ್‌ಗೆ ಮೂರು ಪ್ಲಗ್ ಇದ್ದವು.

ಪ್ಲಗ್ ಬಿಚ್ಚಿದಾಗ ಟಾರ್ಚ್ ಹಿಡಿದು ಎರಡೂ ತೂತುಗಳನ್ನು ನೋಡಿ. ಲೀಡಿಂಗ್ ಪ್ಲಗ್‌ನ ಮುಂದೆ ಅಗಲವಾದ ಬಾಯಿ ಇದೆ. ಟ್ರೇಲಿಂಗ್ ಮುಂದೆ ಮಾತ್ರ ಸಣ್ಣ ತೂತು. ರೋಟರ್ ತುದಿಯ ಅಪೆಕ್ಸ್ ಸೀಲ್ ಆ ತೂತಿನ ಮೇಲೆ ಹಾದು ಹೋಗುವಾಗ ಅದರ ಎರಡು ಬದಿಯ ಒತ್ತಡದಲ್ಲಿ ತುಂಬ ವ್ಯತ್ಯಾಸ ಇರುತ್ತದೆ. ತೂತು ದೊಡ್ಡದಿದ್ದರೆ ಗ್ಯಾಸ್ ಆ ಕಡೆಯಿಂದ ಈ ಕಡೆಗೆ ನುಸುಳುತ್ತದೆ. ಹಾಗಾಗಿ ಚಿಕ್ಕದಾಗಿ ಇಟ್ಟಿದ್ದಾರೆ. ಆ ಗೂಡಿನಲ್ಲಿ ಕೂತ ಪ್ಲಗ್‌ಗೆ ಮಸಿ ಬೇಗ ಹಿಡಿಯುತ್ತದೆ.

ಬೇರೆ ಕಾರುಗಳ ಕಾಯಿಲ್ ವರ್ಷಗಟ್ಟಲೆ ಬರುತ್ತದೆ. ಇದರದ್ದು ಯಾಕೆ ಬರುವುದಿಲ್ಲ?

ಕೆಲಸ ನೋಡಿ. ನಾಲ್ಕು ಸ್ಟ್ರೋಕ್‌ನ ಪಿಸ್ಟನ್ ಎಂಜಿನ್‌ನಲ್ಲಿ ಒಂದು ಸಿಲಿಂಡರ್‌ಗೆ ಎರಡು ಸುತ್ತಿಗೊಮ್ಮೆ ಕಿಡಿ ಸಾಕು. ರೋಟರಿಯಲ್ಲಿ ಎಕ್ಸೆಂಟ್ರಿಕ್ ಶಾಫ್ಟ್ (ಪಿಸ್ಟನ್ ಎಂಜಿನ್‌ನ ಕ್ರ್ಯಾಂಕ್‌ಶಾಫ್ಟ್ ಜಾಗದಲ್ಲಿರುವ ದಂಡ) ಸುತ್ತಿದಷ್ಟು ಸಲವೂ ಪ್ರತಿ ರೋಟರ್‌ಗೆ ಕಿಡಿ ಬೇಕು. ಆರ್‌ಎಕ್ಸ್-8ರ ಹೈ ಪವರ್ ಮ್ಯಾನುವಲ್ ಮಾಡೆಲ್ 9000 ಆರ್‌ಪಿಎಂ ತನಕ ಹೋಗುತ್ತದೆ. ಅಂದರೆ ಒಂದೊಂದು ಕಾಯಿಲ್ ಸೆಕೆಂಡಿಗೆ 150 ಸಲ ಕಿಡಿ ಕೊಡಬೇಕು. ಒಂದು ಕಿಡಿಗೂ ಇನ್ನೊಂದಕ್ಕೂ ನಡುವೆ ಸಿಗುವುದು 6.7 ಮಿಲಿಸೆಕೆಂಡ್. ಅಷ್ಟರೊಳಗೆ ಕಾಯಿಲ್ ಕರೆಂಟ್ ತುಂಬಿಕೊಂಡು, ಕಿಡಿ ಕೊಟ್ಟು, ಮತ್ತೆ ತುಂಬಿಕೊಳ್ಳಬೇಕು. 6500 ಆರ್‌ಪಿಎಂನಲ್ಲಿ ಓಡುವ ಪಿಸ್ಟನ್ ಕಾರಿನ ಕಾಯಿಲ್‌ಗೆ ಇದೇ ಕೆಲಸಕ್ಕೆ 18 ಮಿಲಿಸೆಕೆಂಡಿಗೂ ಹೆಚ್ಚು ಸಮಯ ಇರುತ್ತದೆ.

ಬಿಸಿಯ ಕಥೆ ಬೇರೆ. ಪಿಸ್ಟನ್ ಎಂಜಿನ್‌ನ ಪ್ಲಗ್‌ಗೆ ಆಗಾಗ ತಣ್ಣನೆಯ ಗಾಳಿ ತಾಗುತ್ತದೆ. ರೋಟರಿಯಲ್ಲಿ ಗಾಳಿ ಎಳೆಯುವುದು ಹೌಸಿಂಗ್‌ನ ಒಂದು ಬದಿಯಲ್ಲಿ, ಉರಿಯುವುದು ಇನ್ನೊಂದು ಬದಿಯಲ್ಲಿ. ಪ್ಲಗ್ ಇರುವ ಬದಿಗೆ ಬಿಡುವೇ ಇಲ್ಲ. ಆರ್‌ಎಕ್ಸ್-8ರಲ್ಲಿ ಕಾಯಿಲ್‌ಗಳು ಕೂತಿರುವುದೂ ಎಂಜಿನ್‌ನ ಮಗ್ಗುಲಲ್ಲೇ. ಗಾಳಿ ಆಡದ, ಬಿಸಿ ನಿಲ್ಲುವ ಜಾಗ ಅದು.

ಕಾಯಿಲ್ ಹೋಗಿದೆ ಎಂದು ಗೊತ್ತಾಗುವುದು ಹೇಗೆ?

ಲೀಡಿಂಗ್ ಹೋದರೆ ಗೊತ್ತಾಗುತ್ತದೆ. ಎಂಜಿನ್ ಮಿಸ್ಸಿಂಗ್ ಹೊಡೆಯುತ್ತದೆ, ಪಿಕಪ್ ಬೀಳುತ್ತದೆ, ಚೆಕ್ ಎಂಜಿನ್ ದೀಪ ಮಿನುಗುತ್ತದೆ. ಸ್ಕ್ಯಾನರ್ ಹಾಕಿದರೆ ಪಿ0300, ಪಿ0301, ಪಿ0302 ಕೋಡ್‌ಗಳಲ್ಲಿ ಯಾವುದಾದರೂ ಸಿಗುತ್ತದೆ. 301 ಎಂದರೆ ಮುಂದಿನ ರೋಟರ್, 302 ಹಿಂದಿನದು.

ತೊಂದರೆ ಇರುವುದು ಟ್ರೇಲಿಂಗ್ ಜೊತೆ. ಅದು ಸತ್ತರೂ ಲೀಡಿಂಗ್ ಕೆಲಸ ಮಾಡುತ್ತಿರುವುದರಿಂದ ಕಾರು ಓಡುತ್ತದೆ. ಐಡಲ್ ಕೊಂಚ ಒರಟಾಗಬಹುದು, ಪೆಟ್ರೋಲ್ ಸ್ವಲ್ಪ ಜಾಸ್ತಿ ಕುಡಿಯಬಹುದು, ಸೈಲೆನ್ಸರ್‌ನಿಂದ ಹಸಿ ಪೆಟ್ರೋಲ್ ವಾಸನೆ ಬರಬಹುದು. ಕೋಡ್ ಬರದೆಯೂ ಇರಬಹುದು. "ಕೋಡ್ ಇಲ್ಲ, ಹಾಗಾದ್ರೆ ಕಾಯಿಲ್ ಸರಿಯಾಗಿದೆ" ಎಂದು ಮೆಕ್ಯಾನಿಕ್ ಹೇಳಿದರೆ ಒಪ್ಪಬೇಡಿ.

ಕಾಯಿಲ್ ಬಿಚ್ಚಿ ಬಿಸಿಲಿನಲ್ಲಿ ತಿರುಗಿಸಿ ನೋಡಿ. ಹಿಂಬದಿಯಲ್ಲಿ ಗಟ್ಟಿಯಾದ ಎಪಾಕ್ಸಿ ಇರುತ್ತದೆ. ಅದರಲ್ಲಿ ಕೂದಲೆಳೆಯಂಥ ಬಿರುಕು, ಉಬ್ಬು, ಕಂದು ಬಣ್ಣದ ಸುಟ್ಟ ಗುರುತು ಇದ್ದರೆ ಮತ್ತೆ ಪರೀಕ್ಷೆ ಬೇಡ. ಪ್ಲಗ್ ವೈರ್ ಸಿಕ್ಕಿಸುವ ಕಡೆ ಬೂದುಬಣ್ಣದ ಪುಡಿ ಅಥವಾ ಕಪ್ಪು ಗೆರೆ ಕಂಡರೆ ಕರೆಂಟ್ ಅಲ್ಲಿಂದ ಸೋರುತ್ತಿದೆ. ಹೊರಗೆ ಏನೂ ಕಾಣದಿದ್ದರೂ ಒಳಗೆ ಹೋಗಿರಬಹುದು. ಮಲ್ಟಿಮೀಟರ್ ನಂಬಿ ಕೂರಬೇಡಿ. ಈ ಕಾಯಿಲ್‌ನ ಒಳಗೇ ಇಗ್ನೈಟರ್ (ಕಾಯಿಲ್‌ನ ಕರೆಂಟ್ ಆನ್-ಆಫ್ ಮಾಡುವ ಎಲೆಕ್ಟ್ರಾನಿಕ್ ಸ್ವಿಚ್) ಇದೆ, ಸುಮ್ನೆ ಓಮ್ ಅಳೆದರೆ ಲೋಡ್ ಬಿದ್ದಾಗ ಏನಾಗುತ್ತದೆ ಎಂಬುದು ತಿಳಿಯುವುದಿಲ್ಲ.

ಒಂದೇ ಕಾಯಿಲ್ ಹೋಗಿದೆ. ಒಂದೇ ಬದಲಿಸಿದರೆ ಸಾಲದೇ?

ಮನೆ ಸೇರುವುದಕ್ಕೆ ಸಾಕು. ಆಮೇಲೆ ನಾಲ್ಕನ್ನೂ ಬದಲಿಸಿ, ಜೊತೆಗೆ ವೈರ್ ಮತ್ತು ಪ್ಲಗ್ ಕೂಡ. ನಾಲ್ಕೂ ಒಂದೇ ವಯಸ್ಸಿನವು, ಒಂದೇ ಬಿಸಿಯಲ್ಲಿ ಬೆಂದವು.

ಸ್ವಲ್ಪ ದಿನ ಹೀಗೇ ಓಡಿಸಿದರೆ ಏನಾಗುತ್ತದೆ?

ಇದೊಂದು ಉತ್ತರವನ್ನಾದರೂ ಪೂರ್ತಿ ಓದಿ. ಉರಿಯದ ಪೆಟ್ರೋಲ್ ಎಕ್ಸಾಸ್ಟ್‌ಗೆ ಹೋಗುತ್ತದೆ. ಅದು ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್) ಒಳಗೆ ಹೊತ್ತಿಕೊಳ್ಳುತ್ತದೆ. ಕ್ಯಾಟ್‌ನ ಒಳಗಿರುವ ಸಣ್ಣ ಸಣ್ಣ ಕಣ್ಣುಗಳ ಸೆರಾಮಿಕ್ ಕರಗಿ ಮುಚ್ಚಿಕೊಳ್ಳುತ್ತದೆ. ಎಕ್ಸಾಸ್ಟ್ ಹೊರಗೆ ಹೋಗಲಾರದೆ ಹಿಂದಕ್ಕೆ ಒತ್ತುತ್ತದೆ, ಅದರ ಬಿಸಿ ಎಂಜಿನ್‌ನಲ್ಲೇ ಉಳಿಯುತ್ತದೆ. ಆರ್‌ಎಕ್ಸ್-8ರ ರೆನೆಸಿಸ್ ಎಂಜಿನ್‌ನಲ್ಲಿ ಎಕ್ಸಾಸ್ಟ್ ಪೋರ್ಟ್ ಇರುವುದು ಪಕ್ಕದ ಗೋಡೆಯಲ್ಲಿ. ರೋಟರ್‌ನ ಸೈಡ್ ಸೀಲ್‌ಗಳು ಅದರ ಮೇಲೇ ಹಾಯುತ್ತವೆ. ಬಿಸಿಯ ಏಟು ನೇರ ಅವಕ್ಕೇ. ಸೀಲ್ ಹೋದರೆ ಕಂಪ್ರೆಷನ್ (ಎಂಜಿನ್ ಮಿಶ್ರಣವನ್ನು ಒತ್ತಿ ಹಿಡಿಯುವ ಬಲ) ಹೋಯಿತು, ಕಂಪ್ರೆಷನ್ ಹೋದರೆ ಎಂಜಿನ್ ಬಿಚ್ಚುವ ಕೆಲಸ.

ನಾಲ್ಕು ಕಾಯಿಲ್‌ನ ಖರ್ಚನ್ನು ಎಂಜಿನ್ ರೀಬಿಲ್ಡ್ ಖರ್ಚಿನ ಪಕ್ಕದಲ್ಲಿಟ್ಟು ನೋಡಿದರೆ ಯಾರೂ ಹಿಂದೆಮುಂದೆ ನೋಡುವುದಿಲ್ಲ. ಚೆಕ್ ಎಂಜಿನ್ ದೀಪ ಮಿನುಗಲು ಶುರುವಾದರೆ ಆಕ್ಸಿಲರೇಟರ್ ಬಿಟ್ಟು ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. ಕ್ಯಾಟ್ ಕೆಂಪಗೆ ಕಾದಿರಬಹುದು, ಒಣಹುಲ್ಲಿನ ಮೇಲೆ ಮಾತ್ರ ನಿಲ್ಲಿಸಬೇಡಿ.

ಅಪ್‌ಗ್ರೇಡ್ ಮಾಡುವ ಮೊದಲು ಏನು ನೋಡಿಕೊಳ್ಳಬೇಕು?

ಮೊದಲು ಕಂಪ್ರೆಷನ್. ರೋಟರಿಗೆಂದೇ ಇರುವ ಟೆಸ್ಟರ್‌ನಲ್ಲಿ ಮಾಡಿಸಿ, ಮಾಮೂಲಿ ಗೇಜ್‌ನಲ್ಲಿ ರೋಟರ್‌ನ ಮೂರು ಮುಖಗಳ ಲೆಕ್ಕ ಬೇರೆಬೇರೆಯಾಗಿ ಸಿಗುವುದಿಲ್ಲ. ರೆನೆಸಿಸ್‌ಗೆ ಮಜ್ದಾ ಕೊಟ್ಟಿರುವ ಕನಿಷ್ಠ ಮಟ್ಟ 250 ಆರ್‌ಪಿಎಂನಲ್ಲಿ 680 ಕಿಲೋಪಾಸ್ಕಲ್. ಅದಕ್ಕಿಂತ ಕೆಳಗಿದ್ದರೆ ಎಂಥ ಕಾಯಿಲ್ ಹಾಕಿದರೂ ದುಡ್ಡು ದಂಡ.

ಆಮೇಲೆ ಬ್ಯಾಟರಿ, ಆಲ್ಟರ್ನೇಟರ್, ಅರ್ಥ್ ವೈರ್. ವೋಲ್ಟೇಜ್ ಕಡಿಮೆಯಾದರೆ ಕಾಯಿಲ್ ತುಂಬಿಕೊಳ್ಳುವುದು ನಿಧಾನವಾಗುತ್ತದೆ. ಇಲ್ಲಿ ಸಮಯವೇ ಇಲ್ಲವಲ್ಲ. ತುಕ್ಕು ಹಿಡಿದ ಅರ್ಥ್ ಪಾಯಿಂಟ್ ಒಂದನ್ನು ಉಜ್ಜಿ ಬಿಗಿ ಮಾಡಿದ್ದಕ್ಕೇ ಮಿಸ್ಸಿಂಗ್ ನಿಲ್ಲುವುದುಂಟು. ಅದಕ್ಕೆ ಖರ್ಚು ಒಂದು ಉಪ್ಪುಕಾಗದ.

ಪ್ಲಗ್ ಯಾವುದು ಹಾಕಲಿ?

ಆರ್‌ಎಕ್ಸ್-8ಗೆ ಎನ್‌ಜಿಕೆ ಆರ್‌ಇ7ಸಿ-ಎಲ್ ಲೀಡಿಂಗ್‌ಗೆ, ಆರ್‌ಇ9ಬಿ-ಟಿ ಟ್ರೇಲಿಂಗ್‌ಗೆ. ಕೊನೆಯ ಅಕ್ಷರ ನೋಡಿ ಹಾಕಿ, ಒಂದರ ಜಾಗಕ್ಕೆ ಇನ್ನೊಂದು ಬೇಡ. ಎಫ್‌ಸಿ, ಎಫ್‌ಡಿ (ಎರಡನೆಯ, ಮೂರನೆಯ ತಲೆಮಾರಿನ) ಆರ್‌ಎಕ್ಸ್-7ಗಳಲ್ಲಿ ಬಿಯುಆರ್7ಇಕ್ಯೂ ಮತ್ತು ಬಿಯುಆರ್9ಇಕ್ಯೂ ಸಾಮಾನ್ಯ. ಟರ್ಬೊ ಬೂಸ್ಟ್ (ಎಂಜಿನ್‌ಗೆ ಗಾಳಿ ತುರುಕುವ ಒತ್ತಡ) ಏರಿಸಿದವರು ನಾಲ್ಕಕ್ಕೂ 9 ಹಾಕುತ್ತಾರೆ. ಎನ್‌ಜಿಕೆ ಲೆಕ್ಕದಲ್ಲಿ ಅಂಕಿ ಏರಿದಷ್ಟೂ ಪ್ಲಗ್ ತಣ್ಣಗೆ, ಅಂದರೆ ಬಿಸಿಯನ್ನು ಬೇಗ ಬಿಟ್ಟುಕೊಡುತ್ತದೆ. ಆದರೆ ಬರೀ ಆಫೀಸಿಗೆ ಹೋಗಿ ಬರುವ ಕಾರಿಗೆ ತಣ್ಣನೆಯ ಪ್ಲಗ್ ಹಾಕಿದರೆ ಮಸಿ ಕಟ್ಟಿಕೊಳ್ಳುತ್ತದೆ. ರೋಟರಿ ಹೇಗೂ ಸ್ವಲ್ಪ ಆಯಿಲ್ ಸುಡುವ ಎಂಜಿನ್.

ಎಂಜಿನ್ ತಣ್ಣಗಿರುವಾಗಲೇ ಬಿಚ್ಚಿ. ಹೌಸಿಂಗ್ ಅಲ್ಯೂಮಿನಿಯಂ, ಬಿಸಿಯಲ್ಲಿ ತಿರುವಿದರೆ ಥ್ರೆಡ್ ಕಿತ್ತು ಬರುತ್ತದೆ. ಹಾಕುವಾಗ ಮೊದಲ ಸುತ್ತುಗಳು ಕೈಬೆರಳಿನಲ್ಲೇ ಆಗಬೇಕು. ಕೊನೆಗೆ ಟಾರ್ಕ್ ರೆಂಚ್‌ನಲ್ಲಿ 13ರಿಂದ 17 ನ್ಯೂಟನ್ ಮೀಟರ್. ತುಂಬ ಕಡಿಮೆ ಅನ್ನಿಸುತ್ತದೆ, ಅಲ್ವಾ? ಅಷ್ಟೇ ಸಾಕು. ಗ್ಯಾಪ್ ಬಗ್ಗಿಸಲು ಹೋಗಬೇಡಿ.

ಕಾಯಿಲ್‌ನಲ್ಲಿ ಯಾವುದು ಒಳ್ಳೆಯದು?

ಮೂರು ದಾರಿ ಇವೆ.

ಮೊದಲನೆಯದು ಮಜ್ದಾದ್ದೇ ಹೊಸ ಕಾಯಿಲ್. ಪಾರ್ಟ್ ನಂಬರ್ ಎನ್3ಎಚ್1-18-100 ಎಂದು ಶುರುವಾಗುತ್ತದೆ. ಕೊನೆಯ ಅಕ್ಷರ ಅದರ ಸುಧಾರಣೆಯ ಹಂತ, ಸಿ ಇರುವುದನ್ನೇ ಕೇಳಿ. ದಿನಾ ಓಡಿಸುವ, ಏನೂ ಬದಲಿಸದ ಕಾರಿಗೆ ನನ್ನ ಮಟ್ಟಿಗೆ ಇದೇ ಸಾಕು. ಒಂದೇ ಷರತ್ತು, ಇದನ್ನು ಪ್ಲಗ್ ಥರಾನೇ ಸವೆಯುವ ಸಾಮಾನು ಎಂದು ತಿಳಿದು 50,000 ಕಿಲೋಮೀಟರ್ ಆಸುಪಾಸಿನಲ್ಲಿ ಬದಲಿಸಬೇಕು.

ಎರಡನೆಯದು ಜಿಎಂ ಎಲ್‌ಎಸ್ ಕಾಯಿಲ್. ಅಮೆರಿಕದ ವಿ8 ಟ್ರಕ್‌ಗಳಲ್ಲಿ ಬರುವುದು. ಡಿ585 ಎಂಬ ಮಾಡೆಲ್ ರೋಟರಿಯವರಿಗೆ ಚೆನ್ನಾಗಿ ಗೊತ್ತು. ಹಿಂದೆ ಅಲ್ಯೂಮಿನಿಯಂ ರೆಕ್ಕೆಗಳ ಹೀಟ್‌ಸಿಂಕ್ ಇದೆ, ಒಳಗೆ ಇಗ್ನೈಟರ್ ಇದೆ. ಹಳೆಯ ಜಾಗದಲ್ಲಿ ಹಿಡಿಸುವುದಿಲ್ಲ, ಬೇರೆ ಬ್ರಾಕೆಟ್ ಬೇಕು. ಅದು ಒಳ್ಳೆಯದೇ, ಆ ನೆಪದಲ್ಲಿ ಕಾಯಿಲ್‌ಗಳು ಬಿಸಿಯಿಂದ ದೂರ ಸರಿಯುತ್ತವೆ. ಆರ್‌ಎಕ್ಸ್-8 ಕಾಯಿಲ್‌ಗೆ ಮೂರು ಪಿನ್: 12 ವೋಲ್ಟ್, ಅರ್ಥ್, ಟ್ರಿಗರ್. ಎಲ್‌ಎಸ್‌ಗೆ ನಾಲ್ಕು, ಅದರಲ್ಲಿ ಅರ್ಥ್ ಎರಡು: ಒಂದು ಪವರ್‌ಗೆ, ಇನ್ನೊಂದು ಸಿಗ್ನಲ್‌ಗೆ. ಈ ಎರಡನ್ನೂ ಕಾಯಿಲ್ ಬುಡದಲ್ಲೇ ತಿರುಚಿ ಟೇಪ್ ಸುತ್ತಿ ಬಿಡುವವರಿದ್ದಾರೆ. ಹಾಗೆ ಮಾಡಬೇಡಿ. ಪವರ್ ಅರ್ಥ್ ದಪ್ಪ ವೈರ್‌ನಲ್ಲಿ ಎಂಜಿನ್ ಬ್ಲಾಕ್‌ಗೆ ಹೋಗಲಿ, ಸಿಗ್ನಲ್ ಅರ್ಥ್ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಕಡೆಗೆ ಹೋಗಲಿ. ಇಲ್ಲದಿದ್ದರೆ ಸೆನ್ಸರ್‌ಗಳಲ್ಲಿ ಗಲಾಟೆ ಶುರುವಾಗಿ, ಹೊಸ ಕಾಯಿಲ್ ಹಾಕಿಯೂ ಮಿಸ್ಸಿಂಗ್ ಹುಡುಕುತ್ತಾ ಕೂರಬೇಕಾಗುತ್ತದೆ.

ಮೂರನೆಯದು ಐಜಿಎನ್-1ಎ. ದೊಡ್ಡ ಗಾತ್ರ, ದೊಡ್ಡ ಕಿಡಿ, ಎಳೆಯುವ ಕರೆಂಟ್ ಕೂಡ ದೊಡ್ಡದು. ಟರ್ಬೊ ಬೂಸ್ಟ್ ಜೋರಾಗಿರುವ, ಹೊರಗಿನ ಇಸಿಯು ಹಾಕಿರುವ ಕಾರಿಗೆ ಸರಿ. ಅದಕ್ಕೆ ರಿಲೇ, ಫ್ಯೂಸ್, ದಪ್ಪ ವೈರ್ ಸಮೇತ ಪ್ರತ್ಯೇಕ ಪವರ್ ಲೈನ್ ಎಳೆಯಲೇಬೇಕು. ಹಳೆಯ ತೆಳು ವೈರ್‌ನಿಂದಲೇ ಕರೆಂಟ್ ಕೊಟ್ಟರೆ ಅಪ್‌ಗ್ರೇಡ್ ಮಾಡಿದ ಪ್ರಯೋಜನವೇ ಇಲ್ಲ.

ಆನ್‌ಲೈನ್‌ನಲ್ಲಿ ನಾಲ್ಕಕ್ಕೂ ಸೇರಿ ಒಂದರ ಬೆಲೆಗೆ ಸಿಗುವ ಹೆಸರಿಲ್ಲದ ಕಾಯಿಲ್‌ಗಳು ನಾಲ್ಕನೆಯ ದಾರಿ. ಅದು ದಾರಿಯಲ್ಲೇ ನಿಲ್ಲಿಸುವ ದಾರಿ.

ಡ್ವೆಲ್ ಅಂದರೇನು? ಅದನ್ನು ಬದಲಿಸಬೇಕೇ?

ಕಾಯಿಲ್‌ಗೆ ಕರೆಂಟ್ ತುಂಬಿಸುವ ಹೊತ್ತು. ಕಡಿಮೆಯಾದರೆ ಕಿಡಿ ಸಣ್ಣದು. ಜಾಸ್ತಿಯಾದರೆ ಕಾಯಿಲ್ ಕಾದು ಸುಡುತ್ತದೆ. ಕೆಲವು ಕಾಯಿಲ್‌ಗಳು ತಮ್ಮನ್ನು ಕಾಪಾಡಿಕೊಳ್ಳಲು ತಾವೇ ಕಿಡಿ ಬಿಟ್ಟುಬಿಡುತ್ತವೆ. ಇಸಿಯು ಹೇಳುವ ಮುಂಚೆಯೇ ಬರುವ ಆ ಕಿಡಿ ತುಂಬ ಅಪಾಯದ್ದು, ಮುಖ್ಯವಾಗಿ ಟರ್ಬೊ ಎಂಜಿನ್‌ಗೆ.

ಮೂಲ ಇಸಿಯು ಜೊತೆ ಎಲ್‌ಎಸ್ ಕಿಟ್ ಹಾಕುವವರು ಸಾಮಾನ್ಯವಾಗಿ ಡ್ವೆಲ್ ಮುಟ್ಟುವುದಿಲ್ಲ. ಹೊರಗಿನ ಇಸಿಯು ಇದ್ದರೆ ತಯಾರಕರು ಕೊಟ್ಟ ಪಟ್ಟಿಯನ್ನೇ ಹಾಕಿ, ವೋಲ್ಟೇಜ್‌ಗೆ ತಕ್ಕಂತೆ. ಆಮೇಲೆ ಮೇಲೆ ಹೇಳಿದ 6.7 ಮಿಲಿಸೆಕೆಂಡ್ ಜೊತೆ ತಾಳೆ ನೋಡಿ. ಡ್ವೆಲ್ 6 ಇಟ್ಟರೆ ಕಿಡಿ ಉರಿಯುವುದಕ್ಕೆ ಜಾಗವೇ ಉಳಿಯುವುದಿಲ್ಲ.

ಎಂಎಸ್‌ಡಿಯಂಥ ಸಿಡಿಐ ಬಾಕ್ಸ್ ಹಾಕಬಹುದೇ?

ಹಳೆಯ ಆರ್‌ಎಕ್ಸ್-7ಗೆ ಹಾಕುತ್ತಾರೆ, ಚೆನ್ನಾಗಿಯೂ ಓಡುತ್ತವೆ. ಸಿಡಿಐ ಎಂದರೆ ಕೆಪಾಸಿಟರ್‌ನಲ್ಲಿ ಕರೆಂಟ್ ಕೂಡಿಟ್ಟು ಒಮ್ಮೆಗೇ ಕಾಯಿಲ್‌ಗೆ ಬಿಡುವ ವ್ಯವಸ್ಥೆ. ಅದರ ಕಿಡಿ ತಟ್ಟನೆ ಏರುತ್ತದೆ, ಮಸಿ ಹಿಡಿದ ಪ್ಲಗ್‌ನಲ್ಲೂ ಹತ್ತುತ್ತದೆ. ಆದರೆ ಆ ಕಿಡಿಯ ಆಯಸ್ಸು ತುಂಬ ಚಿಕ್ಕದು. ಎಂಎಸ್‌ಡಿ 6ಎ ಒಂದೇ ಸಲಕ್ಕೆ ಹಲವು ಕಿಡಿ ಕೊಡುತ್ತದೆ ಎನ್ನುವುದೂ 3000 ಆರ್‌ಪಿಎಂ ಒಳಗೆ ಮಾತ್ರ. ಆರ್‌ಎಕ್ಸ್-8ರ ಮೂಲ ಕಾಯಿಲ್‌ಗೆ ಇದನ್ನು ನೇರ ಜೋಡಿಸುವಂತಿಲ್ಲ, ಅದರೊಳಗೆ ಇಗ್ನೈಟರ್ ಇದೆ.

ನನ್ನದು 12ಎ ಎಂಜಿನ್‌ನ ಹಳೆಯ ಆರ್‌ಎಕ್ಸ್-7. ಡಿಸ್ಟ್ರಿಬ್ಯೂಟರ್ ಇದೆ. ಏನು ಮಾಡಲಿ?

ಡಿಸ್ಟ್ರಿಬ್ಯೂಟರ್ ಎಂದರೆ ಕಿಡಿಯನ್ನು ಪ್ಲಗ್‌ಗಳಿಗೆ ಹಂಚುವ ಭಾಗ. ಅದರಲ್ಲಿ ಪಾಯಿಂಟ್ಸ್ (ಕರೆಂಟ್ ಕಡಿಯುವ ಸಣ್ಣ ಸ್ವಿಚ್) ಇರುವ ಶುರುವಿನ ಮಾಡೆಲ್ ಆದರೆ ಮೊದಲು ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರ್‌ಗೆ ಬದಲಿಸಿ. ಅದರ ಮೇಲೆ ಹಲವರು ಮಾಡುವ ಕೆಲಸ, ಎಫ್‌ಸಿ ಮಾಡೆಲ್‌ನ ಲೀಡಿಂಗ್ ಕಾಯಿಲ್ ತಂದು ಎರಡು ಲೀಡಿಂಗ್ ಪ್ಲಗ್‌ಗಳಿಗೂ ನೇರ ವೈರ್ ಎಳೆಯುವುದು. ಆಗ ಮುಖ್ಯ ಕಿಡಿ ಡಿಸ್ಟ್ರಿಬ್ಯೂಟರ್ ಕ್ಯಾಪ್ ದಾಟಿ ಹೋಗುವ ಗೋಜು ತಪ್ಪುತ್ತದೆ. ಡಿಸ್ಟ್ರಿಬ್ಯೂಟರ್ ಟೈಮಿಂಗ್ ಸಿಗ್ನಲ್‌ಗೂ ಟ್ರೇಲಿಂಗ್‌ಗೂ ಉಳಿಯುತ್ತದೆ. ಹೆಚ್ಚು ದುಡ್ಡಿಲ್ಲದೆ ಆಗುವ ಕೆಲಸಗಳಲ್ಲಿ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ.

ಎಫ್‌ಡಿ ಟರ್ಬೊಗೆ ಬೇರೆ ಲೆಕ್ಕವೇ?

ಹೌದು. ಎಫ್‌ಡಿಯಲ್ಲಿ ಒಂದೇ ಲೀಡಿಂಗ್ ಕಾಯಿಲ್ ಎರಡು ರೋಟರ್‌ಗೂ ಒಟ್ಟಿಗೆ ಕಿಡಿ ಕೊಡುತ್ತದೆ. ಅಂದರೆ ಸುತ್ತಿಗೆ ಎರಡು ಸಲ. 8000 ಆರ್‌ಪಿಎಂನಲ್ಲಿ ಅದಕ್ಕೆ ಸಿಗುವುದು 4 ಮಿಲಿಸೆಕೆಂಡಿಗಿಂತ ಕಡಿಮೆ. ಬೂಸ್ಟ್ ಏರಿಸಿದಾಗ ಒತ್ತಡದಲ್ಲಿ ಕಿಡಿ ಹಾರುವುದೇ ಕಷ್ಟ. ಹಾಗಾಗಿ ಪ್ಲಗ್‌ಗೊಂದು ಕಾಯಿಲ್ ಮಾಡಿದರೆ ಇಲ್ಲಿ ನಿಜವಾಗಿಯೂ ವ್ಯತ್ಯಾಸ ಕಾಣುತ್ತದೆ. ಇದಕ್ಕೆ ನಾಲ್ಕು ಕಾಯಿಲ್ ಓಡಿಸಬಲ್ಲ ಇಸಿಯು ಬೇಕು.

ಬೂಸ್ಟ್‌ನಲ್ಲಿ ಸ್ಪ್ಲಿಟ್ ಅನ್ನು ಸಾಮಾನ್ಯವಾಗಿ 10ರಿಂದ 15 ಡಿಗ್ರಿ ಇಡುತ್ತಾರೆ. ಪವರ್ ಆಸೆಗೆ ಅದನ್ನು ತಗ್ಗಿಸುತ್ತಾ ಹೋಗಬೇಡಿ. ಒಂದು ಸಲ ಜೋರಾಗಿ ನಾಕ್ (ಮಿಶ್ರಣ ತಾನಾಗಿಯೇ ಸಿಡಿಯುವುದು) ಆದರೂ ಅಪೆಕ್ಸ್ ಸೀಲ್ ಮುರಿಯಬಹುದು.

ವೈರ್ ಅದಲುಬದಲಾದರೆ?

ಎಫ್‌ಸಿ, ಎಫ್‌ಡಿಗಳ ಎರಡು ಲೀಡಿಂಗ್ ವೈರ್‌ಗಳು ಪರಸ್ಪರ ಬದಲಾದರೆ ಏನೂ ಆಗುವುದಿಲ್ಲ, ಎರಡೂ ಒಟ್ಟಿಗೇ ಹೊಡೆಯುತ್ತವೆ. ಟಿ1, ಟಿ2 (ಮುಂದಿನ ಮತ್ತು ಹಿಂದಿನ ರೋಟರ್‌ನ ಟ್ರೇಲಿಂಗ್ ವೈರ್) ಬದಲಾದರೆ ಎಂಜಿನ್ ಹಾಳು ಮಾಡಿಕೊಳ್ಳುತ್ತೀರಿ. ಆರ್‌ಎಕ್ಸ್-8ರಲ್ಲಿ ಯಾವುದೂ ಬದಲಾಗಬಾರದು. ಬಿಚ್ಚುವ ಮೊದಲು ಫೋನ್‌ನಲ್ಲಿ ಫೋಟೊ ತೆಗೆದುಕೊಂಡು, ಪ್ರತಿ ವೈರ್‌ಗೂ ಟೇಪ್ ಸುತ್ತಿ ಎಲ್1, ಟಿ1, ಎಲ್2, ಟಿ2 ಎಂದು ಬರೆಯಿರಿ.

ಟೈಮಿಂಗ್ ಲೈಟ್ ಹಿಡಿದರೆ ಕಿಡಿ ತಡವಾಗಿ ಬರುತ್ತಿದೆ. ತಪ್ಪಾಗಿದೆಯೇ?

ಪಿಸ್ಟನ್ ಕಾರು ನೋಡಿ ಬಂದವರೆಲ್ಲ ಇಲ್ಲಿ ಗಾಬರಿಯಾಗುತ್ತಾರೆ. ಎಫ್‌ಸಿಯ ಪುಲ್ಲಿಯ ಮೇಲೆ ಎರಡು ಗುರುತು ಇವೆ. ಹಳದಿ ಲೀಡಿಂಗ್‌ಗೆ, ಟಾಪ್ ಡೆಡ್ ಸೆಂಟರ್ (ಮಿಶ್ರಣ ಅತಿ ಹೆಚ್ಚು ಒತ್ತಿಕೊಂಡಿರುವ ಸ್ಥಾನ) ದಾಟಿದ ಮೇಲೆ 5 ಡಿಗ್ರಿ. ಕೆಂಪು ಟ್ರೇಲಿಂಗ್‌ಗೆ, ದಾಟಿದ ಮೇಲೆ 20 ಡಿಗ್ರಿ. ಐಡಲ್‌ನಲ್ಲಿ ದಾಟಿದ ಮೇಲೆ ಕಿಡಿ ಬರುವುದೇ ಸರಿ. ಆರ್‌ಎಕ್ಸ್-8ರಲ್ಲಿ ತಿರುಗಿಸಿ ಹೊಂದಿಸುವಂಥದ್ದು ಏನೂ ಇಲ್ಲ, ಎಲ್ಲ ಇಸಿಯು ಕೈಯಲ್ಲಿ.

ಕಾಯಿಲ್ ಹಾಕಿದ ಮೇಲೆ ಬ್ರೇಕ್ ಪೆಡಲ್ 20 ಸಲ ಒತ್ತಬೇಕಂತೆ, ನಿಜವೇ?

ತಮಾಷೆ ಅನ್ನಿಸಿದರೂ ಅಂಥದ್ದೊಂದು ಕ್ರಮ ಆರ್‌ಎಕ್ಸ್-8ರಲ್ಲಿ ಇದೆ. ಕೀ ಆನ್ ಮಾಡಿ, 8 ಸೆಕೆಂಡಿನೊಳಗೆ 20 ಸಲ. ಆದರೆ ಅದು ಎಕ್ಸೆಂಟ್ರಿಕ್ ಶಾಫ್ಟ್ ಸೆನ್ಸರ್‌ನ ಲೆಕ್ಕವನ್ನು ಹೊಸದಾಗಿ ಕಲಿಸಲು. ಬರೀ ಕಾಯಿಲ್ ಬದಲಿಸಿದ್ದಕ್ಕೆ ಬೇಕಿಲ್ಲ.

ಫ್ಲಡ್ ಆಗುವುದು ನಿಲ್ಲುತ್ತದೆಯೇ?

ಫ್ಲಡ್ ಎಂದರೆ ಎಂಜಿನ್ ಒಳಗೆ ಪೆಟ್ರೋಲ್ ಜಾಸ್ತಿಯಾಗಿ ಸ್ಟಾರ್ಟ್ ಆಗದಿರುವುದು. ಅದು ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ತಣ್ಣಗಿರುವ ಕಾರನ್ನು ಸ್ಟಾರ್ಟ್ ಮಾಡಿ, ಶೆಡ್‌ನಿಂದ ಎರಡು ಮಾರು ಹೊರಗೆ ತಂದು, ತಕ್ಷಣ ಆಫ್ ಮಾಡುವ ಅಭ್ಯಾಸವೇ ಫ್ಲಡ್‌ನ ಮೂಲ. ಉಳಿದ ಪೆಟ್ರೋಲ್ ಪ್ಲಗ್ ಒದ್ದೆ ಮಾಡುತ್ತದೆ, ಸೀಲ್ ಮೇಲಿನ ಆಯಿಲ್ ತೊಳೆದುಬಿಡುತ್ತದೆ, ಕಂಪ್ರೆಷನ್ ಬೀಳುತ್ತದೆ. ಆಗ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಕ್ರ್ಯಾಂಕ್ ಮಾಡಿ, ಇಸಿಯು ಪೆಟ್ರೋಲ್ ನಿಲ್ಲಿಸುತ್ತದೆ. ನಡುನಡುವೆ ಸ್ಟಾರ್ಟರ್‌ಗೆ ಬಿಡುವು ಕೊಡಿ. ಹಳೆಯ ನಿಧಾನದ ಸ್ಟಾರ್ಟರ್ ಇದ್ದರೆ ಅದನ್ನು ಬದಲಿಸುವುದು ಕಾಯಿಲ್‌ನಷ್ಟೇ ಉಪಯೋಗದ ಕೆಲಸ.

ಊರಿನಲ್ಲಿ ಈ ಕೆಲಸ ಮಾಡುವ ಗ್ಯಾರೇಜ್ ಸಿಗುತ್ತದೆಯೇ?

ಕಷ್ಟ. ನಮ್ಮಲ್ಲಿ ಮಜ್ದಾ ಎಂದರೆ ಜನರಿಗೆ ನೆನಪಾಗುವುದು ಸ್ವರಾಜ್ ಮಜ್ದಾ ಲಾರಿ, ಮಿನಿಬಸ್. ಕಾಯಿಲ್ ಬದಲಿಸುವುದನ್ನು ಕೈಪಳಗಿದ ಯಾವ ಆಟೊ ಎಲೆಕ್ಟ್ರಿಷಿಯನ್ ಬೇಕಾದರೂ ಮಾಡುತ್ತಾರೆ. ರೋಟರಿ ಕಂಪ್ರೆಷನ್ ಟೆಸ್ಟರ್ ಹುಡುಕುವುದೇ ದೊಡ್ಡ ಕೆಲಸ.

ಬಿಚ್ಚಿದ ಹಳೆಯ ಕಾಯಿಲ್ ಎಸೆಯಲೇ?

ಬಿರುಕು ಬಿಟ್ಟದ್ದನ್ನು ಎಸೆಯಿರಿ. ಮೂಲ ಕಾಯಿಲ್ ಉಳಿಸಿಕೊಂಡಿದ್ದರೆ ಕೆಲಸ ಮಾಡುವ ಒಂದನ್ನೂ ಒಂದು ಪ್ಲಗ್ ವೈರನ್ನೂ ಡಿಕ್ಕಿಯಲ್ಲಿ ಇಡಿ. ಎಲ್‌ಎಸ್ ಅಥವಾ ಐಜಿಎನ್-1ಎಗೆ ಹೋದವರು ಆ ಜಾತಿಯದ್ದೇ ಒಂದು ಸ್ಪೇರ್ ಕೊಂಡಿಡಬೇಕು, ಹಳೆಯದರ ಕನೆಕ್ಟರ್ ಅದಕ್ಕೆ ಕೂರುವುದಿಲ್ಲ.